ತಟ್ಟಿ ಇಳಿಸಿ ಆಡಿದ ಆಟ

ಲೆಪೆಕಾ ಸತ್ತಳೆಂದು ಊರಿಗೆ ಊರೇ ಚಾಪೆ ಹೊತ್ತುಕೊಂಡು ಬಂದ ಸಂಗತಿಯನ್ನು ನಮ್ಮ ಸವಾಯಿ ದ್ವೀಪದಲ್ಲಿ ಈಗ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಅಂಗಡಿಯ ಮುಂದೆ ಕೂತವರು ಹೇಳುವುದನ್ನು ಕೇಳಿದರೆ ಅವರೇ ಮುಂದೆ ನಿಂತು ನೋಡಿದ್ದರೇನೋ ಅನ್ನಿಸಬೇಕು. ತಟ್ಟಿಯ ಒಳಗೆ ಲೆಪೆಕಾಳ ಪಕ್ಕದಲ್ಲಿ ಕೂತಿದ್ದವಳು ನಾನು, ಫುವಾತಿನೋ. ಅವಳ ಗಂಡನ ಅಕ್ಕ. ಹಾಗಾಗಿ ಬೇರೆಯವರು ಬಾಯಿ ಮುಚ್ಚಿಕೊಂಡು ಇರಲಿ, ನಾನು ಹೇಳುತ್ತೇನೆ.

ಲೆಪೆಕಾ ಆಚೆ ದ್ವೀಪದ ಹೆಣ್ಣು. ಮದುವೆಯಾಗಿ ಹಡಗಿನಿಂದ ಇಳಿದ ದಿನ ಅವಳನ್ನು ನೋಡಿದ ನಮ್ಮಮ್ಮ, ಈ ಕಡ್ಡಿಯಂಥ ಹುಡುಗಿ ಕೆಸುವಿನ ಗಡ್ಡೆಯ ಬುಟ್ಟಿ ಹೊತ್ತಾಳೇನೇ ಎಂದು ನನ್ನ ಕಿವಿಯಲ್ಲಿ ಕೇಳಿದ್ದಳು. ಹೊರಲಿಲ್ಲ. ಅಡಿಗೆಯೂ ಅಷ್ಟಕ್ಕಷ್ಟೇ, ಅವಳು ಸುಟ್ಟ ದೀವಿಹಲಸು ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ. ಆದರೆ ಹೆಂಗಸರ ನೇಯುವ ಮನೆಯಲ್ಲಿ ಕಾಲು ಮಡಚಿ ಕೂತಳೆಂದರೆ ಮುಗಿಯಿತು. ಬೇಯಿಸಿ, ಕಡಲ ನೀರಲ್ಲಿ ನೆನೆಸಿ, ಬಿಸಿಲಿಗೆ ಬಿಳುಪಾಗಿಸಿದ ಕೇದಗೆ ಗರಿಯನ್ನು ಅವಳು ನೂಲಿನಷ್ಟು ಸಣ್ಣಗೆ ಸೀಳುತ್ತಿದ್ದಳು. ಅದರಿಂದ ಹೆಣೆದ ಚಾಪೆ ರೇಷ್ಮೆಯ ಹಾಗೆ ಮಡಚಿಕೊಳ್ಳುತ್ತಿತ್ತು. ಅವಳಿಗೆ ಮೊದಲ ಗಂಟು ಹಾಕಲು ಕಲಿಸಿದವಳು ನಾನೇ. ಎರಡು ವರ್ಷದಲ್ಲಿ ಅವಳು ನನ್ನನ್ನು ಹಿಂದೆ ಹಾಕಿದಳು, ಅದಕ್ಕೆ ನನಗೆ ಹೊಟ್ಟೆ ಉರಿದದ್ದೂ ನಿಜ.

ಇಂಥ ಚಾಪೆಯ ಮೇಲೆ ನಾವು ಮಲಗುವುದಿಲ್ಲ. ಮದುವೆಗೆ, ಸಾವಿಗೆ, ಪಟ್ಟ ಕಟ್ಟುವುದಕ್ಕೆ ಕೊಡುವ ಚಾಪೆ ಅದು, ನೇಯುವುದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನಮ್ಮ ನೇಯುವ ಮನೆಯಲ್ಲಿ ಒಂದು ಕಟ್ಟುಪಾಡಿದೆ. ಶುರು ಮಾಡಿದ ಕೈಯೇ ಮುಗಿಸಬೇಕು, ಬೇರೆ ಕೈ ಸೇರಬಾರದು. ಮುಗಿಸಲಾಗದೆ ಹೋದರೆ ಆ ಅರ್ಧ ಚಾಪೆಯನ್ನು ಸುತ್ತಿ ಅಲ್ಲಿನ ತೊಲೆಯ ಮೇಲಿಡುತ್ತೇವೆ. ನೇಯ್ದವಳು ಸತ್ತ ದಿನ ಅದನ್ನು ಅವಳ ಬೆನ್ನಡಿಗೆ ಹಾಸಿ ಹೂಳುತ್ತೇವೆ.

ಲೆಪೆಕಾ ತನ್ನ ಮಗಳು ಸಿಯೆನಿಯ ಮದುವೆಗೆಂದು ನೇಯುತ್ತಿದ್ದ ಚಾಪೆ ಅರ್ಧಕ್ಕೆ ಬಂದಿದ್ದಾಗ ಅವಳಿಗೆ ಲಕ್ವ ಹೊಡೆಯಿತು. ಭಾನುವಾರ ಚರ್ಚಿನಲ್ಲಿ ಹಾಡುತ್ತ ಹಾಡುತ್ತ ಪಕ್ಕಕ್ಕೆ ವಾಲಿದಳು. ಬರಬರುತ್ತ ಸೊಟ್ಟಗಾಗಿದ್ದ ಬಾಯಿ ನೆಟ್ಟಗಾಯಿತು, ಕಾಲು ಎಳೆದುಕೊಂಡಾದರೂ ನಡೆಯುವಂತಾಯಿತು, ಬಲಗೈ ಮಾತ್ರ ಏಳಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟು ಕಳಿಸಿದರು. ಅದನ್ನು ಎರಡು ದಿನ ಹಿಸುಕಿ ಮೂರನೆಯ ದಿನ ಕೋಳಿಗೆ ಎಸೆದಳು. ಆಮೇಲೆ ಕಂಬಕ್ಕೊರಗಿ ಸಮುದ್ರದ ಕಡೆ ಬೆನ್ನು ಹಾಕಿ ಕೂತುಬಿಟ್ಟಳು. ನೇಯುವ ಮನೆಯ ಹೆಂಗಸರು ಒಂದು ಮಧ್ಯಾಹ್ನ ಅವಳ ಕಣ್ಣೆದುರಿಗೇ ಆ ಅರ್ಧ ಚಾಪೆಯನ್ನು ಸುತ್ತಿ ತೊಲೆಯ ಮೇಲಿಟ್ಟರು. ಲೆಪೆಕಾ ಅಳಲಿಲ್ಲ. ನನ್ನನ್ನು ಹತ್ತಿರ ಕರೆದಳು.

"ಅತ್ತಿಗೆ, ಅದು ಸಿಯೆನಿ ಮುಂದೆ ಹೋಗಬೇಕಾದ ಚಾಪೆ. ನನ್ನ ಜೊತೆ ಮಣ್ಣಿಗೆ ಹೋಗಬಾರದು," ಅಂದಳು.

ಮದುವೆಯ ದಿನ ಊರ ನಡುವಣ ಬಯಲಿನಲ್ಲಿ ಚಾಪೆಗಳನ್ನು ಬಿಚ್ಚಿ ಮೆರವಣಿಗೆ ಮಾಡುವಾಗ ಎಲ್ಲಕ್ಕಿಂತ ಮುಂದೆ ಹೋಗಬೇಕಾದದ್ದು ತಾಯಿಯ ಚಾಪೆ. ತಾಯಿಯದಿಲ್ಲದಿದ್ದರೆ ಸೋದರತ್ತೆಯದು, ಅಂದರೆ ನನ್ನದು. ನಾನಾಗಲೇ ನನ್ನ ಚಾಪೆಯನ್ನು ಗಾಳಿಗೆ ಹಾಕಿ, ಅಂಚಿನ ಕೆಂಪು ಪುಕ್ಕಗಳನ್ನು ಸರಿಮಾಡಿ ಇಟ್ಟುಕೊಂಡಿದ್ದೆ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನನ್ನ ಸ್ವಭಾವ.

ಈಗ ನನ್ನ ತಮ್ಮ, ಅಂದರೆ ಲೆಪೆಕಾಳ ಗಂಡ ತೋಫಿಗಾನ ವಿಷಯಕ್ಕೆ ಬರುತ್ತೇನೆ. ಸಭೆಯಲ್ಲಿ ಕೋಲು ಊರಿ, ಹೆಗಲ ಮೇಲೆ ನಾರಿನ ಚಾಮರ ಹಾಕಿಕೊಂಡು, ಊರಿನ ಪರವಾಗಿ ಮಾತಾಡುವ ಅಧಿಕಾರ ಅವನದು. ಕೆಲವು ವರ್ಷಗಳ ಹಿಂದೆ ನಮ್ಮೂರಿಗೆ ವಿಡಿಯೋ ಗೇಮ್ ಬಂತು. ಸಂಜೆ ಶಂಖ ಊದಿದ ಮೇಲೆ ನಮ್ಮಲ್ಲಿ ಯಾರೂ ದಾರಿಯಲ್ಲಿ ತಿರುಗಬಾರದು, ಮನೆಮನೆಯಲ್ಲೂ ಪ್ರಾರ್ಥನೆ. ಟೀವಿ ಬಂದ ಮೇಲೂ ಇದು ತಪ್ಪಿರಲಿಲ್ಲ. ಶಂಖ ಕೇಳಿದ ಕೂಡಲೇ ಧಾರಾವಾಹಿಯಲ್ಲಿ ಅಳುತ್ತಿರುವವಳು ಯಾರೇ ಆಗಲಿ, ಅವಳ ಬಾಯಿ ಬಂದ್. ಆದರೆ ಒಂದು ಸಂಜೆ ಪ್ರಾರ್ಥನೆಯ ನಡುವೆಯೇ ಪಾದ್ರಿಯ ಪಕ್ಕದ ಮನೆಯಲ್ಲಿ ಮೆಷಿನ್‌ಗನ್ ಸದ್ದು. ಪಾದ್ರಿ ಆಮೆನ್ ಅನ್ನುವುದನ್ನೂ ಬಿಟ್ಟು ಕಂಬದ ಮರೆಗೆ ಓಡಿದರು. ಗೇಮಿನ ಗುಂಡೆಂದು ಆಮೇಲೆ ಗೊತ್ತಾಯಿತು, ಅಷ್ಟರಲ್ಲಿ ಮರ್ಯಾದೆ ಹೋಗಿತ್ತು.

ಮರುದಿನ ಸಭೆ ಸೇರಿತು. ತೋಫಿಗಾ ಎದ್ದು ನಿಂತು ಒಂದು ಗಂಟೆ ಕೊರೆದ. ಹೆಬ್ಬೆರಳು ಆಡಿಸಿ ಯಾರಾದರೂ ಒಂದು ಗಡ್ಡೆ ಕಿತ್ತದ್ದುಂಟೇ, ಒಂದು ಮೀನು ಹಿಡಿದದ್ದುಂಟೇ, ಒಂದು ಚಾಪೆ ನೇಯ್ದದ್ದುಂಟೇ ಎಂದು ಕೇಳಿದ. ಊರಲ್ಲಿ ಗೇಮ್ ಆಡಬಾರದು, ಸಿಕ್ಕಿಬಿದ್ದವರ ಮನೆಯವರು ಸಭೆಗೆ ಒಂದು ಕೊಬ್ಬಿದ ಹಂದಿ ಕೊಡಬೇಕು ಎಂದು ತೀರ್ಮಾನವಾಯಿತು. ಟೀವಿಗೆ ಏನೂ ಆಗಲಿಲ್ಲ. ಯಾಕೆಂದರೆ ಸಭೆಯಲ್ಲಿ ಕೂತವರೆಲ್ಲ ರಗ್ಬಿ ನೋಡುವವರು.

ಅವನು ಮನೆಗೆ ಬಂದ ಮೇಲೆ ನಾನು ಕೇಳಿದೆ. "ಅಲ್ಲ ಕಣೋ, ಮೂವತ್ತು ಜನ ಗಂಡಸರು ಒಂದು ಚೆಂಡಿಗೆ ಕಿತ್ತಾಡೋದನ್ನ ಕೂತು ನೋಡಿದ್ರೆ ತೋಟದಲ್ಲಿ ಕೆಸು ಬೆಳೆಯುತ್ತಾ?"

"ಅದು ಬೇರೆ, ಅಕ್ಕ," ಅಂದ.

ತಾಯಿಸಮಾನಳಾದ ಅಕ್ಕನ ಮಾತಿಗೆ ನಮ್ಮಲ್ಲಿ ತಮ್ಮಂದಿರು ಎದುರಾಡುವುದಿಲ್ಲ, ಎದ್ದು ಹೋಗುತ್ತಾರೆ. ಅವನೂ ಎದ್ದು ಹೋದ.

ಲೆಪೆಕಾಳ ಮಗಳು ಸಿಯೆನಿ ಆಕ್ಲೆಂಡಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸಕ್ಕಿದ್ದಳು. ಮದುವೆಗೆ ಇನ್ನೂ ಬಹಳ ತಿಂಗಳು ಇರುವಾಗಲೇ ಕೆಲಸ ಬಿಟ್ಟು ಅಮ್ಮನನ್ನು ನೋಡಿಕೊಳ್ಳಲು ಬಂದಳು. ಬಿಸ್ಕತ್ತಿನ ಡಬ್ಬಗಳ ಮಧ್ಯೆ, ಹಾಸುಬಟ್ಟೆಯಲ್ಲಿ ಸುತ್ತಿ, ಟೀವಿಗೆ ಸಿಕ್ಕಿಸುವ ಒಂದು ಗೇಮಿನ ಪೆಟ್ಟಿಗೆ ತಂದಿದ್ದಳು. ತಾನು ಕೆಲಸ ಮಾಡುತ್ತಿದ್ದ ಕಡೆ ಕೈ ಬಿದ್ದುಹೋದ ಮುದುಕಿಯರು ಇದನ್ನು ಆಡುತ್ತಾರೆ, ಕೆಲವರಿಗೆ ಬೆರಳು ತಿರುಗಿ ಬಂದಿದೆ, ಕೆಲವರಿಗೆ ಬಂದಿಲ್ಲ, ಆದರೆ ಯಾರೂ ಗೋಡೆ ನೋಡುತ್ತ ಕೂರುವುದಿಲ್ಲ ಎಂದಳು. ನನಗೆ ನಗು ಬಂತು. ಊರಿಗೆ ಕಾನೂನು ಮಾಡಿದವನ ಮನೆಗೇ ಕಳ್ಳಮಾಲು.

"ನಿಮ್ಮಪ್ಪನಿಗೆ ಗೊತ್ತಾದ್ರೆ?" ಅಂದೆ.

"ನೀವು ಹೇಳಿದ್ರೆ ತಾನೇ ಅತ್ತೆ ಗೊತ್ತಾಗೋದು," ಅಂದಳು. ನನ್ನ ಬಾಯಿಯ ಖ್ಯಾತಿ ಆಕ್ಲೆಂಡಿನಲ್ಲೂ ಇತ್ತೆಂದು ಕಾಣುತ್ತದೆ.

ಅದರಲ್ಲಿ ಒಂದು ಇಟ್ಟಿಗೆಯ ಆಟವಿತ್ತು. ಮೇಲಿನಿಂದ ಬಣ್ಣಬಣ್ಣದ ಇಟ್ಟಿಗೆಗಳು ಒಂದೊಂದೇ ಇಳಿಯುತ್ತವೆ, ಒಂದು ಉದ್ದ, ಒಂದು ಸೊಟ್ಟ, ಒಂದು ಚೌಕ. ಅವನ್ನು ಸರಿಸಿ, ತಿರುಗಿಸಿ, ಸಂದು ಬಿಡದ ಹಾಗೆ ಕೂರಿಸಬೇಕು. ಒಂದು ಸಾಲು ಭರ್ತಿಯಾದರೆ ಮಾಯವಾಗುತ್ತದೆ. ಸಂದು ಬಿಟ್ಟರೆ ರಾಶಿ ಬೆಳೆದು ಮಾಡಿಗೆ ಮುಟ್ಟುತ್ತದೆ, ಆಟ ಮುಗಿಯುತ್ತದೆ. ಎರಡೂ ಕೈಯಲ್ಲಿ ಹಿಡಿಯುವ ರಿಮೋಟಿನಂಥದರಲ್ಲಿ ಗುಂಡಿಗಳಿವೆ, ಸರಿಸುವುದು ಎಡಗೈ, ತಿರುಗಿಸುವುದು ಬಲಗೈಯ ಹೆಬ್ಬೆರಳು.

ಲೆಪೆಕಾ ಮೊದಲು ಮುಖ ತಿರುಗಿಸಿದಳು. ಆಮೇಲೆ ನಾನು ಆಡಿ ಎಲ್ಲೆಂದರಲ್ಲಿ ಸಂದು ಬಿಡುವುದನ್ನು ನೋಡಿ ಅವಳಿಗೆ ಸಹಿಸಲಾಗಲಿಲ್ಲ. ಜೀವಮಾನವಿಡೀ ಸಂದಿಲ್ಲದೆ ನೇಯ್ದ ಹೆಂಗಸು, ಹೇಗೆ ಸಹಿಸುತ್ತಾಳೆ? "ಕೊಡಿ ಇಲ್ಲಿ," ಎಂದು ಎಡಗೈ ಚಾಚಿದಳು. ಬಲಗೈಯನ್ನು ಸಿಯೆನಿಯೇ ಎತ್ತಿ ಗುಂಡಿಯ ಮೇಲೆ ಇಟ್ಟಳು. ಸತ್ತ ಮೀನಿನ ಹಾಗೆ ಬಿದ್ದಿತ್ತು ಅದು. ಇಟ್ಟಿಗೆಗಳು ಎಲ್ಲಿ ಹೋಗಬೇಕೆಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು, ತಿರುಗಿಸಲು ಮಾತ್ರ ಆಗದು. ಸೋತಳು. ಮತ್ತೆ ಸೋತಳು. ಅವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಕೋಪ ನೋಡಿ ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು.

ಅಂದಿನಿಂದ ಗಂಡಸರು ತೋಟಕ್ಕೆ ಹೋದ ಹೊತ್ತು ನೋಡಿ ಮೂವರೂ ಆಡತೊಡಗಿದೆವು. ಒಂದೇ ತೊಂದರೆ. ನಮ್ಮ ಮನೆಗಳಿಗೆ ಗೋಡೆಯಿಲ್ಲ. ಕಂಬಗಳ ನಡುವಿನಿಂದ ಅತ್ತಲವರು ಇತ್ತ, ಇತ್ತಲವರು ಅತ್ತ ಕಾಣುತ್ತಾರೆ. ಯಾರು ಏನು ಉಂಡರೆಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ಇನ್ನು ಗೇಮ್ ಆಡುವುದೆಲ್ಲಿ? ಮಳೆಗೆ ಇಳಿಸುವ ತೆಂಗಿನ ಗರಿಯ ತಟ್ಟಿಗಳನ್ನು ಬೀದಿಯ ಕಡೆಗೆ ಅರ್ಧ ಇಳಿಸಿ ಹೇಗೋ ನಿಭಾಯಿಸಿದೆವು. ಒಂದು ಬೆಳಗ್ಗೆ ಲೆಪೆಕಾಳ ಬಲ ಹೆಬ್ಬೆರಳು ಗುಂಡಿ ಒತ್ತಿತು. ಸೊಟ್ಟ ಇಟ್ಟಿಗೆ ತಿರುಗಿ ತನ್ನ ಜಾಗದಲ್ಲಿ ಕೂತಿತು. ಸಿಯೆನಿ ಬಾಯಿಗೆ ಕೈ ಅಡ್ಡ ಹಿಡಿದಳು, ನಾನು ಅತ್ತುಬಿಟ್ಟೆ.

ಬೆರಳು ಬಂದ ಮೇಲೆ ಅವಳನ್ನು ಹಿಡಿಯುವವರಿಲ್ಲ. ದಿನಾ ನನ್ನನ್ನು ಸೋಲಿಸುತ್ತಿದ್ದಳು. ಒಂದೂವರೆ ಕೈಯಲ್ಲಿ ಆಡುವವಳಿಗೆ ಎರಡು ಕೈಯವಳು ಸೋಲುವುದೆಂದರೆ ನನಗೆ ಎಷ್ಟು ಉರಿಯಬೇಡ. ಒಂದು ದಿನ ಬಿಸಿಲು ನೇರವಾಗಿ ಟೀವಿಯ ಮೇಲೆ ಬಿದ್ದು ಇಟ್ಟಿಗೆಗಳೇ ಕಾಣದಾದವು. ಆಟದ ಅಮಲಿನಲ್ಲಿ ನಾನೇ ಎದ್ದು ಹೋಗಿ ನಾಲ್ಕೂ ಕಡೆಯ ತಟ್ಟಿಗಳನ್ನು ಪೂರ್ತಿ ಇಳಿಸಿದೆ.

ನಮ್ಮೂರಿನಲ್ಲಿ ಹುಟ್ಟಿದ ಮಗುವಿಗೂ ಇದರ ಅರ್ಥ ಗೊತ್ತು. ಮಳೆಯಿಲ್ಲದ ಹಗಲಿನಲ್ಲಿ ನಾಲ್ಕೂ ತಟ್ಟಿ ಇಳಿಯುವುದು ಎರಡೇ ಕಾರಣಕ್ಕೆ, ಹೆರಿಗೆ ಇಲ್ಲವೇ ಸಾವು. ಲೆಪೆಕಾಳಿಗೆ ಹೆರುವ ವಯಸ್ಸು ದಾಟಿತ್ತು. ಪಕ್ಕದ ಮನೆಯ ಮಲಾಯಾ ತಟ್ಟಿಗಳನ್ನು ನೋಡಿದಳು. ಅದೇ ಹೊತ್ತಿಗೆ ಒಳಗೆ ನನ್ನ ರಾಶಿ ಮಾಡಿಗೆ ಮುಟ್ಟಿ ನಾನು ಗೋಳಾಡುವುದೂ ಅವಳಿಗೆ ಕೇಳಿಸಿತು. ಪುಣ್ಯಾತ್ಗಿತ್ತಿ ಒಳಗೆ ಇಣುಕಿ ಕೇಳಬಾರದೇ? ಸಾವಿನ ಮನೆಗೆ ಕೇಳಿಕೊಂಡು ಹೋಗುವುದು ಮರ್ಯಾದೆಯಲ್ಲವೆಂದು ನೇರ ಚರ್ಚಿಗೆ ಓಡಿದಳು.

ನಮಗೆ ಏನೂ ಗೊತ್ತಿಲ್ಲ. ಲೆಪೆಕಾ ಚೆನ್ನಾಗಿ ಆಡುತ್ತಿದ್ದಳು. ಹೊರಗೆ ಸಣ್ಣಗೆ ಹಾಡು ಶುರುವಾಯಿತು, ಸಾವಿನ ಹಾಡು. ಪಾಪ, ಯಾರದೋ ಕಾಲ ಮುಗಿದಿದೆ ಎಂದು ಸಿಯೆನಿ ಅಂದಳು. ಹಾಡು ಹತ್ತಿರ ಹತ್ತಿರ ಬಂತು. ಆಗ ನನ್ನ ಕಣ್ಣು ತಟ್ಟಿಗಳ ಮೇಲೆ ಹೋಯಿತು, ನಾಲ್ಕೂ ಕೆಳಗಿದ್ದವು.

ಎಲ್ಲರಿಗಿಂತ ಮುಂಚೆ ಒಳಗೆ ಬಂದವನು ತೋಫಿಗಾ. ತೋಟದಿಂದ ಓಡಿಬಂದಿದ್ದ, ಮೊಣಕಾಲವರೆಗೆ ಕೆಸರು, ಕೈಯಲ್ಲಿ ಕೋಲಿಲ್ಲ, ಬಾಯಲ್ಲಿ ಮಾತಿಲ್ಲ. ತಟ್ಟಿ ಎತ್ತಿ ನೋಡುತ್ತಾನೆ, ಹೆಂಡತಿ ಕಾಲು ಚಾಚಿ ಕೂತು ಇಟ್ಟಿಗೆ ಜೋಡಿಸುತ್ತಿದ್ದಾಳೆ. ನಡುವೆ ನಿಲ್ಲಿಸಲು ಆಗದ ಘಟ್ಟ, ತಿರುಗಿಯೂ ನೋಡಲಿಲ್ಲ ಅವಳು. ಅವನು ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ನನ್ನ ತಮ್ಮ ಅಷ್ಟು ಅತ್ತದ್ದನ್ನು ನಾನು ನೋಡಿರಲಿಲ್ಲ. ಅವನ ಹಿಂದೆ ಪಾದ್ರಿ, ಹಾಡುವವರು, ಹೆಗಲ ಮೇಲೆ ಚಾಪೆ ಹೊತ್ತ ಹೆಂಗಸರು ಬಂದು ಸಾಲಾಗಿ ನಿಂತರು. ತೊಲೆಯ ಮೇಲಿನ ಅರ್ಧ ಚಾಪೆಯನ್ನೂ ಇಳಿಸಿ ತಂದಿದ್ದರು. ಹಾಡು ಒಬ್ಬೊಬ್ಬರ ಬಾಯಲ್ಲೇ ನಿಂತುಹೋಯಿತು.

ತೋಫಿಗಾ ಕಣ್ಣೊರೆಸಿಕೊಂಡು ಹೆಂಡತಿಯ ಕೈ ನೋಡಿದ.

"ಅಕ್ಕ, ಆ ಬೆರಳು ಆಡ್ತಿದೆ," ಅಂದ.

"ನಿನಗೆ ಈಗ ಕಾಣಿಸ್ತಾ," ಅಂದೆ.

ಲೆಪೆಕಾ ಆಟ ಮುಗಿಸಿ ಕೈಯಲ್ಲಿದ್ದದ್ದನ್ನು ಕೆಳಗಿಟ್ಟಳು. ಊರವರ ಕಡೆ ತಿರುಗಿದಳು. ನಾಚಿಕೊಳ್ಳುತ್ತಾಳೆ ಅಂದುಕೊಂಡಿದ್ದೆ, ಇಲ್ಲ. ಚಾಪೆ ಹೊತ್ತು ಬಂದವರನ್ನು ಕೂರಲು ಹೇಳಿ, ತನ್ನ ಅರ್ಧ ಚಾಪೆಯನ್ನು ಮಾತ್ರ ತನಗೆ ವಾಪಸು ಕೊಡಿ ಎಂದು ಕೇಳಿದಳು. ಅದನ್ನು ಬಲಗೈಯಿಂದಲೇ ಮುಟ್ಟಿದಳು. ಬಂದವರಿಗೆಲ್ಲ ಸಿಯೆನಿ ಬಿಸ್ಕತ್ತು, ಕೋಕೋ ಕೊಟ್ಟಳು. ಸತ್ತವಳ ಮನೆಯಲ್ಲಿ ಸತ್ತವಳ ಎದುರಲ್ಲೇ ಉಪಚಾರ ಮಾಡಿಸಿಕೊಂಡು ಹೋದರು ಜನ.

ಆದರೂ ಕಾನೂನು ಕಾನೂನೇ. ಮರುದಿನ ಸಭೆ ಸೇರಿತು. ಸಭೆಯ ಮನೆಗೂ ಗೋಡೆಯಿಲ್ಲ, ನಾನು ಹೊರಗೆ ದೀವಿಹಲಸಿನ ಮರದ ಕೆಳಗೆ ಆರಾಮಾಗಿ ಕೂತು ಕೇಳಿದೆ. ತಾನೇ ಮಾಡಿದ ಕಟ್ಟಳೆಯನ್ನು ತೋಫಿಗಾ ಹೇಗೆ ಸುತ್ತಿ ಬಳಸಿ ತಪ್ಪಿಸಿಕೊಳ್ಳುತ್ತಾನೋ ಎಂದು ಎಲ್ಲರೂ ಕಾಯುತ್ತಿದ್ದರು. ಅವನು ಒಂದು ಹಂದಿಯನ್ನಲ್ಲ, ಎರಡು ಹಂದಿಗಳನ್ನು ಕಟ್ಟಿಕೊಂಡು ಬಂದ.

"ಒಂದೇ ಸಾಕಲ್ಲಪ್ಪ," ಅಂದರು ಊರಿನ ಹಿರಿಯ ಮುಖಂಡರು.

"ಇದು ನಿನ್ನೆ ಆಡಿದ್ದಕ್ಕೆ. ಅದು ನಾಳೆ ಆಡೋದಕ್ಕೆ," ಅಂದ ತೋಫಿಗಾ.

"ನಾಡಿದ್ದು?"

"ಹಟ್ಟೀಲಿ ಇನ್ನೂ ಇದಾವೆ. ಚಾಪೆ ಮುಗಿಯೋವರೆಗೂ ತರ್ತೀನಿ."

ಅಷ್ಟೇ ಹೇಳಿ ಕೂತ. ಅವನ ಬದುಕಿನಲ್ಲೇ ಅತಿ ಚಿಕ್ಕ ಭಾಷಣ ಅದು, ಅತಿ ಒಳ್ಳೆಯದು ಕೂಡ. ಮನೆಗೆ ಬಂದ ಮೇಲೆ ಅವನ ತಲೆ ಸವರಿದೆ. ಸಭೆಯವರು ಹಂದಿಗಳನ್ನು ತಿಂದರು, ತಿನ್ನುವುದರಲ್ಲಿ ಅವರು ಹಿಂದೆ ಬಿದ್ದವರಲ್ಲ. ಆದರೆ ಮೂರನೆಯ ಹಂದಿ ತಂದಾಗ ಯಾರಿಗೂ ಗಂಟಲಲ್ಲಿ ಇಳಿಯಲಿಲ್ಲವಂತೆ. ಆಮೇಲೆ ಕೇಳುವುದನ್ನು ಬಿಟ್ಟರು. ಕಟ್ಟಳೆಯನ್ನು ತೆಗೆಯಲೂ ಇಲ್ಲ.

ಲೆಪೆಕಾ ಬೆಳಗ್ಗೆ ಆಡುತ್ತಿದ್ದಳು, ಬಿಸಿಲು ಏರಿದ ಮೇಲೆ ನೇಯುತ್ತಿದ್ದಳು. ತಟ್ಟಿಗಳೆಲ್ಲ ಮೇಲಿದ್ದವು. ಮೊದಮೊದಲು ಗರಿ ಬೆರಳಿಂದ ಜಾರಿ ಹೋಗುತ್ತಿತ್ತು. ನೇಯ್ದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಗೇಮಿನಿಂದಲೇ ಕೈ ಬಂತೋ, ಅದಾಗಿಯೇ ಬರುವುದಿತ್ತೋ, ಕೋಳಿಗೆ ಎಸೆದ ಚೆಂಡಿನಿಂದಲೇ ಬರುತ್ತಿತ್ತೋ, ನನಗೆ ಗೊತ್ತಿಲ್ಲ. ಆಸ್ಪತ್ರೆಯವರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ, ಸಮುದ್ರಕ್ಕೆ ಬೆನ್ನು ಹಾಕಿ ಕೂತಿದ್ದವಳು ಬೆಳಗಾದರೆ ಸಾಕು, ಅತ್ತಿಗೆ ಬನ್ನಿ, ಇವತ್ತೂ ಸೋಲಿಸ್ತೀನಿ ಎಂದು ಕೂಗುತ್ತಿದ್ದಳು. ನೇಯುವ ಮನೆಯ ಹೆಂಗಸರು ಸುಮ್ಮನೆ ನೋಡಿ ಹೋಗಲು ಬಂದು, ಆಮೇಲೆ ಸರದಿಗೆ ಜಗಳ ಆಡತೊಡಗಿದರು. ಮಲಾಯಾ ಎಲ್ಲರಿಗಿಂತ ಮುಂದೆ.

ಮದುವೆಯ ಹಿಂದಿನ ವಾರ ಲೆಪೆಕಾ ಕೊನೆಯ ಗರಿ ಮಡಚಿ ಅಂಚಿಗೆ ಕೆಂಪು ಪುಕ್ಕ ಕಟ್ಟಿದಳು. ಚಾಪೆಯ ನಡುವೆ ಎಲ್ಲಿ ಲಕ್ವ ಹೊಡೆಯಿತು ಎಂದು ಹುಡುಕಿದೆ. ಒಂದು ಕಡೆ ಹೆಣಿಗೆ ತುಸು ಬಿಗಿಯಾಗಿದೆ, ಅಷ್ಟೇ. ಯಾರಿಗೂ ತೋರಿಸಲಿಲ್ಲ.

ಮದುವೆಯ ದಿನ ಬಯಲಿನ ಒಂದು ಕಡೆ ಗಂಡಿನವರು, ಇನ್ನೊಂದು ಕಡೆ ನಾವು. ಚಾಪೆಗಳನ್ನು ಬಿಚ್ಚಿ ನಾಲ್ಕು ಮೂಲೆ ಹಿಡಿದು ಹೆಂಗಸರು ಸಾಲಾಗಿ ನಿಂತೆವು. ಎಲ್ಲಕ್ಕಿಂತ ಮುಂದೆ ಲೆಪೆಕಾಳ ಚಾಪೆ, ಮುಂದಿನ ಮೂಲೆ ಹಿಡಿದವಳು ಅವಳೇ, ಕಾಲು ತುಸು ಎಳೆಯುತ್ತ. ನನ್ನದು ಎರಡನೆಯದು. ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಯಾಕೆ? ಆದರೆ ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಿಂದ ಎದೆ ಉಬ್ಬಿತು.

ನಾವು ಹೊರಡುವ ಮುಂಚೆ ಹಿರಿಯ ಮುಖಂಡರು ಎದ್ದರು. ಊರ ಮರ್ಯಾದೆ ಉಳಿಯಬೇಕು, ಅವರ ಮಾತೂ ಉಳಿಯಬೇಕು, ಅದಕ್ಕೊಂದು ಉಪಾಯ ಮಾಡಿಕೊಂಡೇ ಬಂದಿದ್ದರು. ಲೆಪೆಕಾಳ ಕೈ ನೋಡಿ ಸಭೆಗೆ ಸಂತೋಷವಾಗಿದೆ, ಇನ್ನು ಮುಂದೆ ಕೈಕಾಲು ಬಿದ್ದವರು ಮದ್ದೆಂದು ಗೇಮ್ ಆಡಬಹುದು, ಉಳಿದವರಿಗೆ ಕಟ್ಟಳೆ ಹಾಗೆಯೇ ಇರುತ್ತದೆ ಎಂದು ಸಾರಿದರು. ಎಲ್ಲರೂ ತಲೆಯಾಡಿಸಿದರು. ತೋಫಿಗಾನ ಮುಖದಲ್ಲಿ ನೆಮ್ಮದಿ ಕಂಡಿತು. ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು, ಲೆಪೆಕಾ ಸುಮ್ಮನಿದ್ದಿದ್ದರೆ.

"ತಪ್ಪು ತಿಳೀಬೇಡಿ," ಅಂದಳು ಲೆಪೆಕಾ. ಅವಳು ಬಯಲಲ್ಲಿ ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. "ಕೈ ಸರಿಹೋಗಿ ಎಷ್ಟೋ ದಿನ ಆಯ್ತು. ಚಾಪೆ ಮುಗಿದೂ ಆಯ್ತು. ಇವತ್ತು ಬೆಳಿಗ್ಗೆ, ಮಗಳ ಮದುವೆ ದಿನ, ನಾನು ಎದ್ದು ಒಂದು ಆಟ ಆಡಿ ಬಂದಿದೀನಿ."

ಗಂಡಿನವರು ನಮ್ಮ ಮುಖ ನೋಡಿದರು.

"ಈ ಕೈ ಮದುವೆಮನೆಗೆ ನೇಯ್ದಿದೆ, ಸಾವಿನ ಮನೆಗೆ ನೇಯ್ದಿದೆ. ಇನ್ನೂ ನೇಯುತ್ತೆ. ಆಟ ಆಡೋ ಆ ಒಂದು ಹೊತ್ತು ಮಾತ್ರ ಅದು ಯಾರಿಗೋಸ್ಕರಾನೂ ಏನೂ ಮಾಡಲ್ಲ. ನನಗೆ ಖುಷಿ ಆಗುತ್ತೆ, ಅದಕ್ಕೆ ಆಡ್ತೀನಿ. ಹಂದಿ ಬೇಕಾದ್ರೆ ತಗೊಳ್ಳಿ, ಮದ್ದು ಅನ್ನೋ ಹೆಸರು ಬೇಡ."

ಹಿರಿಯ ಮುಖಂಡರು ತೋಫಿಗಾನ ಕಡೆ ನೋಡಿದರು. ಅವನು ನೆಲ ನೋಡಲಿಲ್ಲ, ಹೆಂಡತಿಯನ್ನೇ ನೋಡುತ್ತಿದ್ದ. ಮುಖಂಡರು ಕೋಲಿನ ಮೇಲೆ ಗದ್ದ ಊರಿದರು. ಸಿಟ್ಟು ಬಂತೋ ನಗು ಬಂತೋ ನನಗೆ ತಿಳಿಯಲಿಲ್ಲ.

"ಹಾಗಾದ್ರೆ ಅದು ಬರೀ ಆಟ ಅಂತೀಯಾ, ತಾಯಿ?" ಎಂದು ಕೇಳಿದರು.

"ಹೌದು ದೊಡ್ಡವರೇ. ಬರೀ ಆಟ."

ಇಷ್ಟು ಹೇಳಿ ಲೆಪೆಕಾ ಚಾಪೆಯ ಮೂಲೆಯನ್ನು ಬಲಗೈಯಲ್ಲೇ ಎತ್ತಿ ಹಿಡಿದು ಗಂಡಿನವರ ಕಡೆಗೆ ನಡೆದಳು. ಮೊದಲು ತೋಫಿಗಾ, ಆಮೇಲೆ ಹಿರಿಯ ಮುಖಂಡರು, ಆಮೇಲೆ ಇಡೀ ಬಯಲು ಜಯಕಾರ ಹಾಕಿತು. ಎರಡನೆಯ ಚಾಪೆ ಹಿಡಿದಿದ್ದ ನಾನು ಗಂಟಲು ಕಟ್ಟುವವರೆಗೂ ಕೂಗುತ್ತ ಅವಳ ಹಿಂದೆ ಹೋದೆ.